ಎಚ್‌ಪಿಗಿಂತ ಮೊದಲು ಸಾಲಿನ ಅಗಲ ನೋಡಿ

ಟ್ರ್ಯಾಕ್ಟರ್ ಕೊಳ್ಳುವಾಗ ಜಮೀನಿನ ಎಕರೆ ಲೆಕ್ಕದಲ್ಲಿ ಎಚ್‌ಪಿ, ಅಂದರೆ ಎಂಜಿನ್ ಶಕ್ತಿ, ಆರಿಸಿ ಅಂತ ಬರೆದಿದ್ದೀರಿ. ಬಯಲುಸೀಮೆಗೆ ಸರಿ. ನಮ್ಮ ಶಿರಸಿ ಕಡೆ ಸಾಲೇ ಮುಖ್ಯ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 9 ಅಡಿ. ಅದರಲ್ಲೇ ಬಸಿಗಾಲುವೆ, ಏಲಕ್ಕಿ, ಬಾಳೆ ಬೇರೆ. ಗಾಡಿಗೆ ಉಳಿಯುವುದೆಷ್ಟು? 4 ಅಡಿಗಿಂತ ಅಗಲವಾದರೆ ತಿರುಗಿಸುವಾಗ ಮಡ್‌ಗಾರ್ಡ್ ಮರಕ್ಕೆ ಉಜ್ಜಿ ಮೆಣಸಿನ ಬಳ್ಳಿಯೇ ಕಿತ್ತು ಬರುತ್ತದೆ. 20-25 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಧಾರಾಳ ಸಾಕು. ಆದರೆ ನಾಲ್ಕೂ ಚಕ್ರ ಎಳೆಯುವಂಥದ್ದೇ ಇರಲಿ. ಮಳೆಗಾಲದಲ್ಲಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ಇಳಿಜಾರಲ್ಲಿ ಟ್ರೈಲರ್ ಗಾಡಿಯನ್ನೇ ಹಿಂದಿನಿಂದ ದೂಡುವುದು ನೋಡಿದವರಿಗೆ ಗೊತ್ತು! ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಹಾಕುವವರು ಪಿಟಿಒ ಎಚ್‌ಪಿ, ಅಂದರೆ ಹಿಂದಿನ ಯಂತ್ರ ತಿರುಗಿಸಲು ಸಿಗುವ ಶಕ್ತಿ, ಎಷ್ಟು ಅಂತ ಕೇಳಿ. ಶೋರೂಮಿನಲ್ಲಿ ಜಾಸ್ತಿ ಹೇಳುವುದು ಎಂಜಿನ್ ಲೆಕ್ಕವನ್ನೇ. ಇನ್ನು ಕರಾವಳಿಯ ಕುಮಟಾ, ಅಂಕೋಲಾ ಕಡೆಯ ಗದ್ದೆಗೆ ಗಾಡಿ ಹಗುರ ಇದ್ದಷ್ಟೂ ಒಳ್ಳೆಯದು. ಕೆಸರಲ್ಲಿ ಹೂತರೆ ಎತ್ತುವವರು ಯಾರು?