ಕೆಪಾಸಿಟರ್ ಕೀಳುವ ಮುಂಚೆ ಒಂದ್ಸಲ ಸ್ವಿಚ್ ನೋಡಿ

ಹಳೆಯ ಗೇಮ್ ಕನ್ಸೋಲ್ ಆನ್ ಆಗ್ತಿಲ್ಲ ಅಂತ ಯಾರ ಹತ್ತಿರ ಹೇಳಿದರೂ ಬರುವ ಮೊದಲ ಉತ್ತರ ಒಂದೇ: "ಎಲ್ಲಾ ಕೆಪಾಸಿಟರ್ ಬದಲಾಯಿಸಿಬಿಡಿ." ಕೆಪಾಸಿಟರ್ ಅಂದರೆ ಬೋರ್ಡಿನ ಮೇಲೆ ಕೂತು ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಪುಟ್ಟ ಭಾಗ. ಚಿತ್ರ ಸರಿ ಇಲ್ವಾ? ಕೆಪಾಸಿಟರ್. ಶಬ್ದ ಇಲ್ವಾ? ಕೆಪಾಸಿಟರ್. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಈ ಸಲಹೆ ಕಂಡರೆ ನನಗೆ ಸಿಟ್ಟು. ಅದನ್ನು ನಂಬಿ ನಾನೇ ಒಂದು ಬೋರ್ಡಿಗೆ ಗಾಯ ಮಾಡಿದ್ದೇನೆ.

ಅದು 1989ರ ಮೊದಲ ಮಾದರಿಯ ಗೇಮ್ ಬಾಯ್. ಬೂದು ಬಣ್ಣದ್ದು, ನಾಲ್ಕು ಡಬಲ್ ಎ ಬ್ಯಾಟರಿ ಹಾಕುವುದು. ಆನ್ ಮಾಡಿದರೆ ಕೆಂಪು ದೀಪ ಮಂಕಾಗಿ ಹತ್ತುತ್ತಿತ್ತು. ಸ್ವಲ್ಪ ಅಲ್ಲಾಡಿಸಿದರೆ ಆಫ್. ಮೂರು ಮೂಲೆಯ ಸ್ಕ್ರೂಡ್ರೈವರ್ ತರಿಸಿ ಬಿಚ್ಚಿದೆ. ಏನನ್ನೂ ಅಳೆಯಲಿಲ್ಲ, ಕೆಪಾಸಿಟರ್ ಕೀಳೋಕೆ ನೇರ ಬೆಸುಗೆಯ ಐರನ್ ಬಿಸಿ ಮಾಡಿದೆ.

ಮೊದಲ ಎರಡು ಸಲೀಸಾಗಿ ಬಂದವು. ಮೂರನೆಯದರ ಒಂದು ಕಾಲು ಗ್ರೌಂಡ್‌ಗೆ ಸೇರಿತ್ತು. ಗ್ರೌಂಡ್ ಅಂದರೆ ಬೋರ್ಡಿನಲ್ಲಿ ಅಗಲವಾಗಿ ಹರಡಿರುವ ತಾಮ್ರ. ಐರನ್ ಕೊಟ್ಟ ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ಬೆಸುಗೆ ಕರಗಲಿಲ್ಲ. ಒತ್ತಿ ಹಿಡಿದೆ. ಇನ್ನೂ ಒತ್ತಿದೆ. ಕೊನೆಗೆ ಕಾಲು ಹೊರಬಂತು, ಜೊತೆಗೆ ಕೂದಲಿನಷ್ಟು ತೆಳ್ಳಗಿನ ಒಂದು ತಾಮ್ರದ ಉಂಗುರವೂ ಬಂತು. ಪ್ಯಾಡ್, ಅಂದರೆ ಕಾಲನ್ನು ಬೆಸೆಯುವ ತಾಮ್ರದ ಜಾಗ, ಬೋರ್ಡಿನಿಂದ ಎದ್ದಿತ್ತು. ಒಂದು ನಿಮಿಷ ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

(ಹೊಸಬರಿಗೆ ಒಂದು ಮಾತು. ಇಂಥ ಕಾಲಿಗೆ ಮೊದಲು ಬೆಸುಗೆ ಚೆನ್ನಾಗಿ ಹರಿಯಲೆಂದು ಹಚ್ಚುವ ಫ್ಲಕ್ಸ್ ಸ್ವಲ್ಪ, ಸ್ವಲ್ಪ ಹೊಸ ಸೀಸದ ಬೆಸುಗೆ ಸೇರಿಸಿ. ತವರ 63, ಸೀಸ 37 ಪಾಲಿರುವ 63/37 ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. ಅದು ಹಳೆಯದರ ಜೊತೆ ಬೆರೆತ ಮೇಲೆ ಕಾಲು ಜಗ್ಗಬೇಕಾಗಿಲ್ಲ. ಇದು ನನಗೆ ಒಂದು ಪ್ಯಾಡ್ ಕಳೆದುಕೊಂಡ ಮೇಲೆ ಗೊತ್ತಾಯಿತು.)

ತಂತಿಯ ಒಂದು ಎಳೆಯನ್ನು ಜಂಪರ್ ಮಾಡಿ ಹೇಗೋ ಸರಿಪಡಿಸಿದೆ. ಹೊಸ ಕೆಪಾಸಿಟರ್ ಎಲ್ಲಾ ಕೂರಿಸಿ ಆನ್ ಮಾಡಿದೆ. ದೀಪ ಮೊದಲಿನಷ್ಟೇ ಮಂಕು.

ಆಗ ಮಲ್ಟಿಮೀಟರ್ ತೆಗೆದೆ. ಬ್ಯಾಟರಿ ಹತ್ತಿರ 6 ವೋಲ್ಟ್. ಸ್ವಿಚ್ ದಾಟಿದ ಮೇಲೆ ನಾಲ್ಕೂವರೆ. ಸ್ವಿಚ್ ಆನ್ ಇದ್ದಾಗ ಅದರ ಎರಡು ಕಾಲಿನ ನಡುವೆ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಇಲ್ಲಿ ಒಂದೂವರೆ ವೋಲ್ಟ್ ಅಲ್ಲೇ ಸೋರಿ ಹೋಗುತ್ತಿತ್ತು. ಮೂವತ್ತು ವರ್ಷದ ಕೊಳೆ, ಕಿಲುಬು. ಸ್ವಿಚ್ ಒಳಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಆಚೆ ಈಚೆ ಒಂದು ನಲವತ್ತು ಸಲ ಆಡಿಸಿದೆ. ಒಣಗಿದ ಮೇಲೆ ಆನ್ ಮಾಡಿದರೆ ದೀಪ ಜಗಜಗ. ಕೆಲಸ ಐದು ನಿಮಿಷದ್ದು. ಅದರ ಮುಂಚೆ ಎರಡು ಸಂಜೆ ಹಾಳಾಗಿತ್ತು.

ಈ ಸಲಹೆ ಎಲ್ಲಿಂದ ಬಂತು ಅಂತಲೂ ಗೊತ್ತಿದೆ. 2000ದ ಆಸುಪಾಸಿನಲ್ಲಿ ತಯಾರಾದ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ತಲೆ ಉಬ್ಬಿ ಒಡೆದವು. ಅವನ್ನು ಬದಲಾಯಿಸಿದರೆ ಸತ್ತ ಕಂಪ್ಯೂಟರ್ ಎದ್ದು ಕೂರುತ್ತಿತ್ತು. ಆದರೆ ಅಲ್ಲಿ ರೋಗ ಕಣ್ಣಿಗೇ ಕಾಣುತ್ತಿತ್ತು. ಅದೇ ಮದ್ದನ್ನು ಎಂಬತ್ತರ ದಶಕದ ಪ್ರತಿಯೊಂದು ಯಂತ್ರಕ್ಕೂ ಕುಡಿಸುವುದು ಯಾವ ನ್ಯಾಯ?

ಗೇಮ್ ಬಾಯ್ ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗುವುದನ್ನೇ ತಗೊಳ್ಳಿ. ಅಲ್ಲಿ ಸಡಿಲವಾಗಿರುವುದು ಪರದೆಯ ಕೆಳ ಅಂಚಿಗೆ ಅಂಟಿಸಿರುವ ರಿಬ್ಬನ್. ಅದರ ಮೇಲೆ ಹದವಾದ ಬಿಸಿಯಲ್ಲಿ ಐರನ್ ಮೆಲ್ಲಗೆ ಸವರಿದರೆ ಗೆರೆಗಳು ಒಂದೊಂದಾಗಿ ಮರಳಿ ಬರುತ್ತವೆ. ನೋಡೋಕೆ ಬಲು ಚೆನ್ನ. 1985ರಲ್ಲಿ ಅಮೆರಿಕದಲ್ಲಿ ಬಂದ ನಿಂಟೆಂಡೊ ಎನ್‌ಇಎಸ್‌ನಲ್ಲಿ ದೀಪ ಸೆಕೆಂಡಿಗೊಮ್ಮೆ ಮಿಟುಕುತ್ತದೆಯಲ್ಲ, ಅದಕ್ಕೂ ಕೆಪಾಸಿಟರ್‌ಗೂ ಸಂಬಂಧವಿಲ್ಲ. ಕನ್ಸೋಲಿನಲ್ಲಿ ಅನುಮತಿಯಿಲ್ಲದ ಆಟಗಳನ್ನು ತಡೆಯುವ ಒಂದು ಲಾಕ್‌ಔಟ್ ಚಿಪ್, ಕಾರ್ಟ್ರಿಜ್‌ನಲ್ಲಿ ಅದರ ಜೋಡಿ. 72 ಪಿನ್ನಿನ ಕನೆಕ್ಟರ್ ಸರಿಯಾಗಿ ತಾಗದಿದ್ದರೆ ಇವೆರಡಕ್ಕೂ ಮಾತುಕತೆ ನಡೆಯುವುದಿಲ್ಲ. ಆಗ ಚಿಪ್ ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. ಇದರದೇ ಜಪಾನಿನ ರೂಪವಾದ 1983ರ ಫ್ಯಾಮಿಕಾಮ್‌ನಲ್ಲಿ ಆ ಚಿಪ್ಪೇ ಇರಲಿಲ್ಲ, ಹಾಗಾಗಿ ಈ ಕಾಟವೂ ಇಲ್ಲ. ಇನ್ನು ಕಾರ್ಟ್ರಿಜ್‌ಗೆ ಉಫ್ ಅಂತ ಊದುವುದು ನಾವೆಲ್ಲ ಮಾಡಿದ್ದೇ. ಸರಿಹೋಗುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವ ಪಿನ್‌ಗಳಿಗೆ ಕಿಲುಬು ಹಿಡಿಸುತ್ತದೆ ಅಷ್ಟೇ.

ಹಾಗಂತ ಕೆಪಾಸಿಟರ್ ಮುಟ್ಟಲೇಬೇಡಿ ಅನ್ನುತ್ತಿಲ್ಲ. 1990ರ ಸೆಗಾ ಗೇಮ್ ಗಿಯರ್ ಕೈಗೆ ಬಂದರೆ ನಾನೂ ಹಿಂದೆಮುಂದೆ ನೋಡದೆ ಎಲ್ಲವನ್ನೂ ಬದಲಾಯಿಸುತ್ತೇನೆ. ಅದರ ಪುಟಾಣಿ ಕೆಪಾಸಿಟರ್‌ಗಳು ಸೋರುವುದು ಖಾತ್ರಿ. ಶಬ್ದ ಕುಗ್ಗುತ್ತದೆ, ಪರದೆ ಕಪ್ಪಾಗುತ್ತದೆ. ಐರನ್ ಇಟ್ಟ ಕೂಡಲೇ ಹಳಸಿದ ಮೀನಿನ ವಾಸನೆ ಬಂದರೆ ರೋಗ ಅದೇ. 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಗಡಿಯಾರಕ್ಕೆ ಅಂತ ಒಂದು ಕೆಪಾಸಿಟರ್ ಇದೆ. ಕೊನೆಯ ಆವೃತ್ತಿ ಬಿಟ್ಟರೆ ಉಳಿದವುಗಳಲ್ಲಿ ಅದು ಸೋರಿ ಅಕ್ಕಪಕ್ಕದ ತಾಮ್ರವನ್ನು ತಿನ್ನುತ್ತದೆ. ಅದನ್ನು ಕಿತ್ತು ಸುಮ್ಮನಾದರೂ ಸಾಕು. ಪ್ಲಗ್ ತೆಗೆದಾಗ ದಿನಾಂಕ ಮರೆಯುತ್ತದೆ, ಅಷ್ಟೇ ನಷ್ಟ. ಇನ್ನು 386, 486 ಕಾಲದ ಹಳೆಯ ಕಂಪ್ಯೂಟರ್ ಬೋರ್ಡ್‌ಗಳ ಮೇಲೆ ಕೂತಿರುವ ಆ ನೀಲಿ ಪೀಪಾಯಿಯಂಥ ಬ್ಯಾಟರಿ! ಅದೂ ಸೋರುವಂಥದ್ದೇ, ಇವತ್ತೇ ಕತ್ತರಿಸಿ ಎಸೆಯಿರಿ. ಯಂತ್ರ ನಡೆಯುತ್ತಿದ್ದರೂ ಸರಿ. ಹಸಿರು ಕಿಲುಬು ಕಂಡರೆ ವಿನೆಗರ್ ಸವರಿ, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆಯಿರಿ.

ಅಳೆಯುವ ವಿಷಯಕ್ಕೆ ಬಂದರೆ, ಎಂಬತ್ತರ ದಶಕದ ಕಂಪ್ಯೂಟರ್ ಕಮೊಡೋರ್ 64 ಇಟ್ಟುಕೊಂಡವರಿಗೆ ಮಲ್ಟಿಮೀಟರ್ ಇಲ್ಲದೆ ನಡೆಯುವುದೇ ಇಲ್ಲ. ಅದರ ಮೂಲ ಪವರ್ ಸಪ್ಲೈ ಕೆಡುವಾಗ 5 ವೋಲ್ಟ್ ಮೇಲಕ್ಕೇರುತ್ತದೆ. ಮೊದಲು ಸಾಯುವುದು ರ‍್ಯಾಮ್ ಚಿಪ್‌ಗಳು. ಇವತ್ತು ಸರಿ ಅಳತೆ ತೋರಿಸಿದ್ದು ನಾಳೆಯೂ ತೋರಿಸುತ್ತದೆ ಅನ್ನೋ ಹಾಗಿಲ್ಲ, ಅದಕ್ಕೇ ಹೊಸ ಸಪ್ಲೈ ಒಂದು ತಗೊಂಡುಬಿಡುವುದು ಜಾಣತನ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಬಿಚ್ಚುವವರಿಗೆ ಮಾತ್ರ ನನ್ನ ಸಲಹೆ ಬೇರೆ: ಗೊತ್ತಿರುವವರು ಪಕ್ಕದಲ್ಲಿಲ್ಲದೆ ಬಿಚ್ಚಬೇಡಿ. ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಅಂದಹಾಗೆ, ಗೇಮ್ ಬಾಯ್‌ನಿಂದ ಕಿತ್ತ ಹಳೆಯ ಕೆಪಾಸಿಟರ್‌ಗಳನ್ನು ಎಸೆದಿರಲಿಲ್ಲ. ಮೊನ್ನೆ ಇಎಸ್‌ಆರ್ ಮೀಟರ್ (ಕೆಪಾಸಿಟರ್ ಕೆಟ್ಟಿದೆಯೋ ಇಲ್ಲವೋ ಅಳೆದು ಹೇಳುವುದು) ಕೈಗೆ ಸಿಕ್ಕಿತು ಅಂತ ಒಂದೊಂದಾಗಿ ಹಿಡಿದು ನೋಡಿದೆ. ಎಲ್ಲವೂ ಸರಿಯಾಗಿದ್ದವು.