ಹೋಮರನ ತಲೆ ಕಪಾಟಿನಲ್ಲಿ ಕೂರುವುದಿಲ್ಲ

'ದ ಸಿಂಪ್ಸನ್ಸ್' ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಮೊದಲ ಐದು ಸೀಸನ್ನುಗಳ ಡಿವಿಡಿ ಸೆಟ್ಟುಗಳು ಒಳ್ಳೇ ಮನೆತನದ ಮಕ್ಕಳಂತೆ ಚೌಕಟ್ಟಾಗಿ ಬಂದು ಕಪಾಟಿನಲ್ಲಿ ಸಾಲಾಗಿ ಕೂತವು. 2005ರಲ್ಲಿ ಆರನೆಯದು ಬಂತು. ಅದು ಪೆಟ್ಟಿಗೆಯಲ್ಲ, ಆ ಮನೆಯ ಯಜಮಾನ ಹೋಮರ್ ಸಿಂಪ್ಸನ್ನನ ತಲೆ! ಹಳದಿ ಪ್ಲಾಸ್ಟಿಕ್ಕಿನ ಬೋಳುತಲೆ. ನಿಲ್ಲಿಸಿದರೆ ಸಾಲು ಕೆಡುತ್ತದೆ, ಮಲಗಿಸಿದರೆ ಉರುಳುತ್ತದೆ, ಮೇಲೆ ಇನ್ನೊಂದನ್ನು ಪೇರಿಸಲು ಆಗುವುದಿಲ್ಲ. ತಲೆ ಬೇಡವೆಂದವರು ಮಾಮೂಲಿ ಆಕಾರದ ಡಬ್ಬಿಯನ್ನು ಬೇರೆಯಾಗಿ ತರಿಸಿಕೊಳ್ಳುವ ದಾರಿಯನ್ನೂ ಕಂಪನಿಯೇ ಇಟ್ಟಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಸಂಗ್ರಾಹಕರ ಲೋಕದಲ್ಲಿ ಬರೀ ಗಾದೆಯಲ್ಲ, ಮಾರಾಟದ ತಂತ್ರ.

ಇಂಥ ಪೆಟ್ಟಿಗೆ ಮನೆಗೆ ಬಂದ ದಿನ ಅಡುಗೆಮನೆಯಿಂದ ಬರುವ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ. "ಇದೆಲ್ಲ ಮೊಬೈಲಲ್ಲೇ ಬರುತ್ತಲ್ರೀ, ಮತ್ತ್ಯಾಕೆ ದುಡ್ಡು ಸುರೀತೀರಾ?"

ಪ್ರಶ್ನೆ ಸರಿಯಾಗಿದೆ. ಉತ್ತರ ಒಂದು ಗುಂಡಿಯಲ್ಲಿದೆ.

'ಸೈನ್‌ಫೆಲ್ಡ್' ಧಾರಾವಾಹಿಯ 1997ರ ಒಂದು ಕಂತಿನ ಹೆಸರೇ 'ದ ಪಾಟ್‌ಹೋಲ್'. ಜಾರ್ಜನ ಕೀಗೊಂಚಲು ರಸ್ತೆಗುಂಡಿಯೊಳಗೆ ಸೇರಿಕೊಂಡಿದೆ, ಅವನೂ ಜೆರ್ರಿಯೂ ನಿಂತು ಗುಂಡಿ ನೋಡುತ್ತಾರೆ. 2021ರಲ್ಲಿ ಇದು ನೆಟ್‌ಫ್ಲಿಕ್ಸಿಗೆ ಬಂದಾಗ ಹಳೆಯ ಚೌಕದ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಮೇಲೂ ಕೆಳಗೂ ಕತ್ತರಿಸಿದ್ದರು. ಗುಂಡಿಯೇ ಮಾಯ. ಇಬ್ಬರು ಗಂಡಸರು ಸುಮ್ಮನೆ ನೆಲ ನೋಡುತ್ತಾ ನಿಂತಿದ್ದಾರೆ. ನಮ್ಮ ನಗರಪಾಲಿಕೆಗಳಿಗೆ ಇಷ್ಟು ವರ್ಷದಲ್ಲಿ ಹೊಳೆಯದ ಗುಂಡಿ ಮುಚ್ಚುವ ವಿಧಾನ ಇದು!

ಲೆಕ್ಕ ಸರಳ. ಹಳೆಯ ಟಿವಿ ಚಿತ್ರದ ಅಗಲ-ಎತ್ತರದ ಅನುಪಾತ 4:3, ಈಗಿನದು 16:9. ಅಗಲವನ್ನು ಹಾಗೇ ಉಳಿಸಿಕೊಂಡು ಪರದೆ ತುಂಬಿಸಬೇಕೆಂದರೆ ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಹೋಗುತ್ತದೆ. ಹಾಸ್ಯದಲ್ಲಿ ಆ ಕಾಲು ಭಾಗದಲ್ಲೇ ಹಲವು ಸಲ ಸ್ವಾರಸ್ಯ ಇರುವುದು. 2019ರಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ 'ಸಿಂಪ್ಸನ್ಸ್'ಗೂ ಇದೇ ಆಯಿತು. ಡಫ್ ಬಿಯರ್ ಕಾರ್ಖಾನೆಯಲ್ಲಿ ಡಫ್, ಡಫ್ ಲೈಟ್, ಡಫ್ ಡ್ರೈ ಎಂದು ಮೂರು ಟ್ಯಾಂಕು. ಮೂರಕ್ಕೂ ಮೇಲಿಂದ ಬರುವುದು ಒಂದೇ ಕೊಳವೆ, ಜೋಕು ಆ ಕೊಳವೆಯದು. ಕತ್ತರಿ ಬಿದ್ದದ್ದೂ ಕೊಳವೆಗೇ. ಜನ ಗಲಾಟೆ ಮಾಡಿದ ಮೇಲೆ 2020ರಲ್ಲಿ 4:3ರ ಆಯ್ಕೆ ಕೊಟ್ಟರು. ಹಳೇ ಡಿವಿಡಿ ಇಟ್ಟುಕೊಂಡವರು ಅಷ್ಟು ದಿನವೂ ಆರಾಮಾಗಿ ಕೊಳವೆ ನೋಡುತ್ತಿದ್ದರು.

ಕಂತಿಗೆ ಕಂತೇ ಕಾಣೆಯಾಗುವುದೂ ಉಂಟು. ಮೈಕೆಲ್ ಜಾಕ್ಸನ್ ದನಿ ಕೊಟ್ಟ 'ಸ್ಟಾರ್ಕ್ ರೇವಿಂಗ್ ಡ್ಯಾಡ್' ಕಂತನ್ನು 2019ರಲ್ಲಿ ಹಿಂದಕ್ಕೆ ತೆಗೆದುಕೊಂಡರು. '30 ರಾಕ್' ಸರಣಿಯ ನಾಲ್ಕು ಕಂತು 2020ರಲ್ಲಿ ಹೋದವು. ತೆಗೆದದ್ದು ಸರಿಯೋ ತಪ್ಪೋ ಬೇರೆ ಮಾತು. ಕಪಾಟಿನಲ್ಲಿರುವ ಡಿಸ್ಕಿನಿಂದ ಯಾರೂ ರಾತ್ರೋರಾತ್ರಿ ಬಂದು ಕಂತು ಕಿತ್ತುಕೊಂಡು ಹೋಗುವುದಿಲ್ಲ ಎನ್ನುವುದಷ್ಟೇ ಇಲ್ಲಿನ ವಿಷಯ.

ಹಾಗಾದರೆ ಡಿಸ್ಕ್ ತಗೊಂಡರೆ ಎಲ್ಲ ಅಸಲಿಯೇ? ಅಲ್ಲಿಯೂ ಕಲಬೆರಕೆ ಇದೆ. ಮುಖ್ಯವಾಗಿ ಹಾಡಿನದು. ಆ ಕಾಲದಲ್ಲಿ ನಿರ್ಮಾಪಕರು ಹಾಡಿನ ಹಕ್ಕು ಕೊಂಡದ್ದು ಟಿವಿ ಪ್ರಸಾರಕ್ಕೆ ಮಾತ್ರ. ಡಿವಿಡಿ ಎಂಬ ವಸ್ತು ಹುಟ್ಟುತ್ತದೆಂದು ಕಂಡವರಾರು? ಡಿಸ್ಕಿಗೆ ಹಾಕಬೇಕೆಂದರೆ ಮತ್ತೆ ದುಡ್ಡು. ದುಡ್ಡು ಜಾಸ್ತಿ ಎನಿಸಿದಾಗ ಹಾಡು ತೆಗೆದು ಲಿಫ್ಟಿನಲ್ಲಿ ಕೇಳಿಸುವಂಥ ಸಂಗೀತ ತುಂಬುತ್ತಾರೆ. 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' (1978–82) ರೇಡಿಯೋ ಸ್ಟೇಷನ್ ಒಂದರ ಕಥೆ. ಅಲ್ಲಿನ ಪಾತ್ರಗಳ ಕೆಲಸವೇ ರೆಕಾರ್ಡ್ ಹಾಕುವುದು. 2007ರಲ್ಲಿ ಬಂದ ಮೊದಲ ಸೀಸನ್ನಿನ ಡಿವಿಡಿಯಲ್ಲಿ ಅಸಲಿ ಹಾಡುಗಳೇ ಬಹುಪಾಲು ಇರಲಿಲ್ಲ. 2014ರಲ್ಲಿ ಬೇರೊಂದು ಸಂಸ್ಥೆ ಇಡೀ ಸರಣಿ ತಂದಾಗ ಹಲವು ಹಾಡು ವಾಪಸು ಬಂದವು. ಹೆಸರು ಒಂದೇ, ಸೆಟ್ಟು ಎರಡು. ಅಗ್ಗ ಸಿಕ್ಕಿತೆಂದು 2007ರದ್ದು ಹೊತ್ತು ತಂದವರದು ಒಗ್ಗರಣೆ ಹಾಕದ ಸಾರಿನ ಊಟ. 'ಮ್ಯಾರೀಡ್ ವಿತ್ ಚಿಲ್ಡ್ರನ್' ಇನ್ನೂ ಮಜಾ. ಮೊದಲ ಎರಡು ಸೀಸನ್ನಿನ ಡಿವಿಡಿಯಲ್ಲಿ ಶೀರ್ಷಿಕೆ ಗೀತೆಯಾಗಿ ಫ್ರಾಂಕ್ ಸಿನಾತ್ರಾ ಹಾಡುತ್ತಾನೆ, ಮೂರನೆಯದರಿಂದ ಬೇರೆ ಏನೋ ಸಂಗೀತ. ಮದುವೆಯಾದ ಮೂರನೇ ವರ್ಷಕ್ಕೆ ಹಾಡು ನಿಲ್ಲುವುದು ಸಹಜ ಬಿಡಿ.

ಕತ್ತರಿ ಬಿದ್ದ ಕಂತುಗಳದು ಎರಡನೇ ಮೋಸ. ಮರುಪ್ರಸಾರದಲ್ಲಿ ಜಾಹೀರಾತು ತುರುಕಲು ಒಂದೆರಡು ನಿಮಿಷ ಕತ್ತರಿಸಿದ ಪ್ರತಿಗಳೇ ಎಷ್ಟೋ ಸಲ ಡಿಸ್ಕಿಗೂ ಹೋಗಿವೆ. 'ರೋಸಾನ್' ಸರಣಿಯ ಮೊದಲ ಸೀಸನ್ನಿನ ಡಿವಿಡಿ ಹೀಗೇ ಬಂತು. ಪೆಟ್ಟಿಗೆಯ ಹಿಂದೆ ಬರೆದ ಒಟ್ಟು ನಿಮಿಷವನ್ನು ಕಂತುಗಳ ಸಂಖ್ಯೆಯಿಂದ ಭಾಗಿಸಿ. 1980ರ ದಶಕದ ಅಮೆರಿಕನ್ ಹಾಸ್ಯ ಧಾರಾವಾಹಿ ಕಂತಿಗೆ 24ರ ಆಸುಪಾಸು ಬರಬೇಕು, 22ಕ್ಕಿಂತ ಕೆಳಗಿಳಿದರೆ ಯಾರೋ ಕತ್ತರಿ ಆಡಿಸಿದ್ದಾರೆ. ಬ್ರಿಟನ್ನಿನಿಂದ ತರಿಸಿದ ಸೆಟ್ಟಿನಲ್ಲಿ ಮಾತ್ರ ದುಡುಕಬೇಡಿ. ಸೆಕೆಂಡಿಗೆ 24 ಚೌಕದ ಫಿಲ್ಮನ್ನು ಅಲ್ಲಿನ ಟಿವಿಯ 25ರ 'ಪಾಲ್' ಪದ್ಧತಿಗೆ ಹಾಕಿದಾಗ ಎಲ್ಲವೂ ಶೇ. 4ರಷ್ಟು ಬೇಗ ಓಡುತ್ತದೆ. 22 ನಿಮಿಷದ ಕಂತು 50 ಸೆಕೆಂಡಿಗೂ ಹೆಚ್ಚು ಮುಂಚೆ ಮುಗಿಯುತ್ತದೆ, ದನಿ ತುಸು ಕೀರಲಾಗುತ್ತದೆ. ಗಂಟಲು ನೋವಲ್ಲ, ಗಣಿತ.

ಹೊಸ ಸೆಟ್ಟೇ ಯಾವಾಗಲೂ ಉತ್ತಮ ಎಂಬ ನಂಬಿಕೆಗೂ 'ಫ್ರೆಂಡ್ಸ್' ಪೆಟ್ಟು ಕೊಡುತ್ತದೆ. ಅದರ 236 ಕಂತುಗಳು ಅಮೆರಿಕದ ಡಿವಿಡಿಗಳಲ್ಲಿ ಟಿವಿಯಲ್ಲಿ ಬಾರದ ತುಣುಕುಗಳನ್ನೂ ಸೇರಿಸಿಕೊಂಡು ಉದ್ದವಾಗಿ ಬಂದಿದ್ದವು. 2012ರಲ್ಲಿ ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕಿನ, ಸೆಟ್ಟು ಬಂತು. ಅದರಲ್ಲಿ ಚಿತ್ರ ಫಳಫಳ, ಆದರೆ ಕಂತುಗಳು ಪ್ರಸಾರವಾದಷ್ಟೇ ಉದ್ದ. ಜೊತೆಗೆ ಚಿತ್ರವನ್ನು ಅಗಲ ಮಾಡಿದ್ದರಿಂದ ಅಂಚಿನಲ್ಲಿ ಏನೇನೋ ಕಾಣಿಸುತ್ತದೆ, ಕೆಲವು ಕಡೆ ನಟಿಯ ಜಾಗದಲ್ಲಿ ನಿಂತ ಬದಲಿ ಹೆಂಗಸೂ ಸೇರಿ. ಹೊಸದು ತಂದ ಖುಷಿಯಲ್ಲಿ ಹಳೆಯದನ್ನು ಗುಜರಿಗೆ ಹಾಕಿದವರು ಆಮೇಲೆ ಹುಡುಕಿಕೊಂಡು ಹೋಗುತ್ತಾರೆ. ಹಳೇ ಗಂಡನ ಪಾದವೇ ಗತಿ.

ಬ್ಲೂ-ರೇಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಧಾರಾವಾಹಿಯನ್ನು ಚಿತ್ರಿಸಿದ್ದು ಯಾವುದರಲ್ಲಿ ಎಂದು ಕೇಳಬೇಕು. 'ಐ ಲವ್ ಲೂಸಿ' 1951ರದ್ದು, ಕಪ್ಪುಬಿಳುಪು, ಆದರೆ ಮೂರು ಕ್ಯಾಮೆರಾ ಇಟ್ಟು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದದ್ದು. ಆ ಫಿಲ್ಮಿನಿಂದ ಇವತ್ತಿಗೂ ಹೊಸ ವಿವರ ಹಿಂಡಬಹುದು. ಅದಕ್ಕಿಂತ ಇಪ್ಪತ್ತು ವರ್ಷ ಈಚಿನ 'ಆಲ್ ಇನ್ ದ ಫ್ಯಾಮಿಲಿ' ವಿಡಿಯೋ ಟೇಪಿನಲ್ಲಿ ತೆಗೆದದ್ದು. ಟೇಪಿನಲ್ಲಿ ಇದ್ದಷ್ಟೇ, ಎಷ್ಟು ಒರೆಸಿದರೂ ಅಷ್ಟೇ. ಹಾಗಾಗಿ ಅಜ್ಜಿ ಮೊಮ್ಮಗಳಿಗಿಂತ ಲಕ್ಷಣವಾಗಿ ಕಾಣುತ್ತಾಳೆ. 1970–80ರ ದಶಕದ ಬಿಬಿಸಿ ಹಾಸ್ಯಗಳದು ಬಹುತೇಕ ಎರಡೂ ಕೂಡಿದ ಸಂಸಾರ. ಒಳಾಂಗಣ ಟೇಪಿನಲ್ಲಿ, ಹೊರಾಂಗಣ 16 ಮಿ.ಮೀ. ಫಿಲ್ಮಿನಲ್ಲಿ. ಬಾಗಿಲು ದಾಟಿದ ಕೂಡಲೇ ಚಿತ್ರದ ಬಣ್ಣ ಬದಲಾದರೆ ಟಿವಿ ರಿಪೇರಿಯವನನ್ನು ಕರೆಸಬೇಡಿ. ಅಂಥವಕ್ಕೆ ಡಿವಿಡಿಯೇ ಸಾಕು.

ಇನ್ನು ಪ್ಲೇಯರ್. ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕೆಂದು ಕಂಪನಿಗಳು ಜಗತ್ತನ್ನು 'ರೀಜನ್' ಎಂಬ ವಲಯಗಳಾಗಿ ಹಂಚಿಕೊಂಡಿವೆ. ಡಿವಿಡಿ ಲೋಕದಲ್ಲಿ ಭಾರತ ರೀಜನ್ 5, ಅಮೆರಿಕ 1, ಬ್ರಿಟನ್ 2. ಬ್ಲೂ-ರೇಯಲ್ಲಿ ನಾವು ಸಿ, ಅಮೆರಿಕ ಎ, ಬ್ರಿಟನ್ ಬಿ. ಫ್ಲೋರಿಡಾದಿಂದ ಬರುವ ಅಳಿಯನ ಸೂಟ್‌ಕೇಸಿನಲ್ಲಿ ಪೆಟ್ಟಿಗೆ ಬಂದಿಳಿದ ಮೇಲೆ ಪರದೆಯ ಮೇಲೆ 'ಈ ಡಿಸ್ಕ್ ಇಲ್ಲಿ ನಡೆಯದು' ಎಂಬ ಬರಹ ಓದುವುದು ಬಹಳ ಮನೆಗಳ ಅನುಭವ. ಇಲ್ಲಿ ಸಿಗುವ ಎಷ್ಟೋ ಡಿವಿಡಿ ಪ್ಲೇಯರುಗಳು ಎಲ್ಲ ರೀಜನ್ನೂ ಒಪ್ಪುತ್ತವೆ, ಇಲ್ಲವೇ ರಿಮೋಟಿನಲ್ಲಿ ಒಂದು ಸಂಖ್ಯೆ ಒತ್ತಿದರೆ ಒಪ್ಪುತ್ತವೆ. ಬ್ಲೂ-ರೇ ಪ್ಲೇಯರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೂ ಸ್ಪಷ್ಟ ಚಿತ್ರದ 4ಕೆ ಡಿಸ್ಕಿಗೆ ರೀಜನ್ ಬೀಗವೇ ಇಲ್ಲ, ಆದರೆ ಜೊತೆಗೆ ಕೊಟ್ಟ ಮಾಮೂಲಿ ಬ್ಲೂ-ರೇಗೆ ಇರಬಹುದು. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಐದನೆಯದಕ್ಕೆ ಎಲ್ಲಿ ನಿಂತಿರೋ ಜೀವನಪರ್ಯಂತ ಅಲ್ಲೇ. ಪಕ್ಷ ಬದಲಿಸುವ ಶಾಸಕರಿಗೂ ಇಂಥದೊಂದು ಡ್ರೈವ್ ಜೋಡಿಸುವ ಹಾಗಿದ್ದರೆ!

ಅಂಚೆಯಲ್ಲಿ ತರಿಸುವವರು ನೆನಪಿಡಬೇಕಾದ್ದು: ಸುಂಕ ಬೀಳುವುದು ಪೆಟ್ಟಿಗೆಯ ಬೆಲೆಗೆ ಮಾತ್ರವಲ್ಲ, ಸಾಗಣೆ, ವಿಮೆ ಎಲ್ಲ ಕೂಡಿಸಿ. ಸೆಟ್ಟಿನ ಜೊತೆ ಉಡುಗೊರೆಯಾಗಿ ಕಾಫಿ ಟೇಬಲ್ ಪುಸ್ತಕ, ಉಪ್ಪು-ಮೆಣಸಿನ ಡಬ್ಬಿ ಎಂದು ತೂಕ ಏರಿದಷ್ಟೂ ಸಾಗಣೆ ಏರುತ್ತದೆ, ಅದರ ಮೇಲೆ ಸುಂಕ ಏರುತ್ತದೆ.

ಈಗ ಪೆಟ್ಟಿಗೆ ತೆರೆಯೋಣ. ಅಂದದ ಸೆಟ್ಟುಗಳಲ್ಲಿ ಡಿಸ್ಕನ್ನು ರಟ್ಟಿನ ಸೀಳಿನೊಳಗೆ ತೂರಿಸಿರುತ್ತಾರೆ. ಹೊರಗೆಳೆದಾಗಲೆಲ್ಲ ರಟ್ಟಿನ ಅಂಚು ಒಂದೊಂದು ಗೀರು ಬರೆಯುತ್ತದೆ, ಕೆಲವದರಲ್ಲಿ ಸೀಳಿನ ಅಂಟೂ ಡಿಸ್ಕಿಗೆ ಮೆತ್ತುತ್ತದೆ. ಪ್ಲಾಸ್ಟಿಕ್ ತಟ್ಟೆಯದಾದರೆ ನಡುವಿನ ಹಲ್ಲುಗಳು ಬಿಗಿ. ಅಂಚು ಹಿಡಿದು ಎಬ್ಬಿಸಿದರೆ ಡಿಸ್ಕ್ ಹಪ್ಪಳದಂತೆ ಬಾಗುತ್ತದೆ. ಡಿವಿಡಿ ಎಂದರೆ 0.6 ಮಿ.ಮೀ.ಯ ಎರಡು ಬಿಲ್ಲೆಗಳನ್ನು ಅಂಟಿಸಿದ್ದು. ಬಾಗಿಸಿ ಬಾಗಿಸಿ ಅಂಟು ಸಡಿಲವಾಗುತ್ತದೆ, ನಡುತೂತಿನ ಸುತ್ತ ಕೂದಲೆಳೆಯ ಬಿರುಕು ಬರುತ್ತದೆ. ಹೆಬ್ಬೆರಳಿನಿಂದ ನಡುವಿನ ಗುಬಟನ್ನು ಅದುಮಿ, ಅದುಮಿದ ಹಾಗೇ ಅಂಚನ್ನು ಮೇಲೆತ್ತಬೇಕು. ಬಂದ ದಿನವೇ ಎಲ್ಲ ಡಿಸ್ಕನ್ನೂ ಮೆತ್ತನೆ ಬಟ್ಟೆಯಂಥ ಒಳಪದರದ ಕವರಿಗೆ ಹಾಕಿ ನೆಟ್ಟಗೆ ನಿಲ್ಲಿಸಿ, ಅಂದದ ಪೆಟ್ಟಿಗೆಯನ್ನು ಖಾಲಿಯಾಗಿಯೇ ಪ್ರದರ್ಶನಕ್ಕಿಡುವುದು ಜಾಣತನ. ಮಲೆನಾಡಿನ ಮಳೆಗಾಲದಲ್ಲಿ ರಟ್ಟು ಬೂಸ್ಟು ಹಿಡಿದರೂ ಡಿಸ್ಕ್ ಬದುಕುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲ ಕಂತು ಹಾಕಿ, "ಓಡ್ತಾ ಇದೆ ಅಣ್ಣ" ಎಂದು ದುಡ್ಡು ಕೊಟ್ಟು ಬರುತ್ತಾರೆ. ಮನೆಯಲ್ಲಿ ನಾಲ್ಕನೇ ಕಂತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಕಾರಣ ಇದೆ. ಎರಡು ಪದರದ ಡಿಸ್ಕನ್ನು ಮೊದಲ ಪದರದಲ್ಲಿ ಒಳಗಿನಿಂದ ಅಂಚಿಗೆ, ಎರಡನೆಯದರಲ್ಲಿ ಅಂಚಿನಿಂದ ಒಳಗೆ ಓದುವುದು ರೂಢಿ. ಎಂಟು ಕಂತಿದ್ದರೆ ನಾಲ್ಕು, ಐದನೆಯವು ಹೊರ ಅಂಚಿನಲ್ಲಿರುತ್ತವೆ. ಬೆರಳಚ್ಚು, ಗೀರು, ಅಂಟು ಬಿಡುವ ರೋಗ ಎಲ್ಲ ಶುರುವಾಗುವುದೂ ಅಂಚಿನಲ್ಲೇ. ಆದ್ದರಿಂದ ಪರೀಕ್ಷೆಗೆ ನೇರವಾಗಿ ನಡುವಿನ ಕಂತಿಗೆ ಹೋಗಿ ಹತ್ತು ನಿಮಿಷ ನೋಡಬೇಕು. ಡಿಸ್ಕನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಮೋಡದಂಥ ಮಬ್ಬು ಕಂಡರೆ ಅದು ಒರೆಸಿದರೆ ಹೋಗುವ ಕೊಳೆಯಲ್ಲ, ಬಿಟ್ಟುಬಿಡಿ. ಬರೀ ಕೊಳೆಯಾದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದೋಸೆ ಹೆಂಚಿಗೆ ಎಣ್ಣೆ ಸವರುವಂತೆ ಸುತ್ತಿಸಿದರೆ ಗೀರು ದತ್ತಾಂಶದ ಸಾಲಿನುದ್ದಕ್ಕೂ ಬೀಳುತ್ತದೆ, ಅಷ್ಟನ್ನೂ ಪ್ಲೇಯರ್ ಸರಿಪಡಿಸಿಕೊಳ್ಳಲಾರದು.

ಕೊನೆಗೆ ಕೊಳ್ಳಬೇಕೇ, ಬೇಡವೇ? ₹7,000ಕ್ಕೆ 'ಫ್ರೆಂಡ್ಸ್'ನ 236 ಕಂತು ಎಂದರೆ ಕಂತಿಗೆ ₹30ರ ಒಳಗೆ, ಭಾರೀ ಅಗ್ಗ ಎಂದು ಲೆಕ್ಕ ಒಪ್ಪಿಸುವವರಿದ್ದಾರೆ. ಮತ್ತೆ ಮತ್ತೆ ನೋಡುವುದು 40 ಎಂದಿಟ್ಟುಕೊಂಡರೆ ಅದೇ ಕಂತಿಗೆ ₹175. ಇದೇ ತಕ್ಕಡಿಯಲ್ಲಿ 'ಫಾಲ್ಟಿ ಟವರ್ಸ್' ಗೆಲ್ಲುತ್ತದೆ. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು, ಒಂದೂ ದಂಡವಲ್ಲ. ಮಂತ್ರಿಯನ್ನು ಅಧಿಕಾರಿಗಳು ಆಟವಾಡಿಸುವ 'ಯೆಸ್ ಮಿನಿಸ್ಟರ್' ಮತ್ತು 'ಯೆಸ್ ಪ್ರೈಮ್ ಮಿನಿಸ್ಟರ್' ಕೂಡಿ 38. ಇದೇ 2001ರಲ್ಲಿ ಫಾರೂಕ್ ಶೇಖ್ ನಟನೆಯಲ್ಲಿ 'ಜೀ ಮಂತ್ರೀಜೀ'ಯಾಗಿ ಹಿಂದಿಗೆ ಬಂದದ್ದು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಸಬ್‌ಟೈಟಲ್ ಕೂಡ ಬೇಡ. ದೊಡ್ಡ ಸೆಟ್ಟುಗಳಲ್ಲಿ ಕಣ್ಣುಮುಚ್ಚಿ ಹೇಳಬಹುದಾದದ್ದು 'ಮ್ಯಾಶ್' ಒಂದೇ. 251 ಕಂತು, ರಾತ್ರಿ ಊಟಕ್ಕೊಂದರಂತೆ ಎಂಟು ತಿಂಗಳು. ಅದರ ಡಿವಿಡಿಯಲ್ಲಿ ಹಿನ್ನೆಲೆಯ ನಗುವನ್ನು ನಿಲ್ಲಿಸುವ ಆಯ್ಕೆಯ ಗುಂಡಿಯಿದೆ. ಯುದ್ಧಭೂಮಿಯ ಆಸ್ಪತ್ರೆಯ ಕಥೆಯನ್ನು ಯಾರೂ ನಗದೆ ಇರುವಾಗ ನೋಡಿದರೆ ಅದು ಬೇರೆಯೇ ಧಾರಾವಾಹಿ. ಆ ಗುಂಡಿಯೊಂದಕ್ಕೇ ದುಡ್ಡು ಕೊಡಬಹುದು.

ಯಾರಿಗೂ ಎರವಲು ಕೊಡಬೇಡಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಕೊಡಲೇಬೇಕಾಗಿ ಬಂದರೆ ಇಡೀ ಪೆಟ್ಟಿಗೆ ಕೊಡಿ. ಬಿಡಿ ಡಿಸ್ಕ್ ಕೊಟ್ಟರೆ ಅವರ ಮನೆಯ ಪ್ಲೇಯರಿನೊಳಗೇ ಉಳಿದು, ಪ್ಲೇಯರಿನ ಸಮೇತ ಹಳೇಪೇಪರಿನವನ ಗಾಡಿ ಹತ್ತುತ್ತದೆ.

ಮಲಗಿಕೊಂಡು ನೋಡುವವರು ಟಿವಿಯ ಸ್ಲೀಪ್ ಟೈಮರನ್ನು 30 ನಿಮಿಷಕ್ಕೆ ಇಟ್ಟುಕೊಳ್ಳಬೇಕು. ಕಂತು ಮುಗಿದ ಮೇಲೆ ಡಿಸ್ಕ್ ನಿಲ್ಲುವುದಿಲ್ಲ, ಮೆನುಗೆ ಮರಳುತ್ತದೆ. ಮೆನು ಓಡುತ್ತಿರುವವರೆಗೂ ಪ್ಲೇಯರ್ ಪಾಲಿಗೆ ಅದು ಸಿನಿಮಾ ನಡೆಯುತ್ತಿದ್ದಂತೆ, ತಾನಾಗಿ ಆರುವುದಿಲ್ಲ. ಶೀರ್ಷಿಕೆ ಸಂಗೀತದ ಅದೇ ಒಂದು ಚೂರು, ಅದರ ತುದಿಗೊಂದು ಗೊಳ್ಳೆನ್ನುವ ನಗು, ಮತ್ತೆ ಮೊದಲಿನಿಂದ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದ ಅತ್ತೆಯವರು ಕತ್ತಲ ಹಜಾರದಲ್ಲಿ ಮುನ್ನೂರು ಜನ ನಗುವುದನ್ನು ಕೇಳಿಸಿಕೊಳ್ಳುತ್ತಾರೆ. ರಿಮೋಟ್ ಮಲಗಿದವರ ಬೆನ್ನ ಕೆಳಗಿರುತ್ತದೆ.