ಖಾತಾ ಹಾಕಿದರು, ಖಾತೆ ತೆರೆಯಲಿಲ್ಲ

ಮನೆಗೆ ಬಂದ ಅತಿಥಿಯ ಕೊರಳಿಗೆ ಟಿಬೆಟನ್ನರು ಹಾಕುವ ಬಿಳಿ ವಸ್ತ್ರಕ್ಕೆ ಖಾತಾ ಎಂದು ಹೆಸರು. ನಮ್ಮ ಕೊಡಗಿನ ಕಾಲೇಜುಗಳ ಸ್ವಾಗತ ಸಮಾರಂಭದಲ್ಲಿ ಈ ಪದ್ಧತಿಗೆ ಒಂದು ಸಣ್ಣ ತಿದ್ದುಪಡಿ ಆಗಿದೆ. ಹೊಸದಾಗಿ ಸೇರಿದ, ಪಕ್ಕದ ಟಿಬೆಟನ್ ನೆಲೆ ಬೈಲಕುಪ್ಪೆಯ ಮಕ್ಕಳು ಸ್ವಂತ ಖರ್ಚಿನಲ್ಲಿ ಎಂಟು ಖಾತಾ ತರಬೇಕು, ವೇದಿಕೆಯ ಮೇಲಿರುವ ಎಂಟು ಕೊರಳಿಗೆ ಹಾಕಬೇಕು, ಕೆಳಗಿಳಿದು ಬಂದು ಚಪ್ಪಾಳೆ ತಟ್ಟಬೇಕು. ಹಿಂದಿನ ಫ್ಲೆಕ್ಸಿನಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಫೋಟೊ, ಅದರ ಮೇಲೆ 'ನಿರಾಶ್ರಿತ ವಿದ್ಯಾರ್ಥಿಗಳಿಗೆ ಆತ್ಮೀಯ ಸ್ವಾಗತ'. ಮೂರು ಗಂಟೆ ಭಾಷಣ ಮುಗಿಯುವಷ್ಟರಲ್ಲಿ ಆಫೀಸಿನ ಕಿಟಕಿ ಮುಚ್ಚಿರುತ್ತದೆ. ಆ ಕಿಟಕಿಯಲ್ಲೇ ಅವರ ಅರ್ಜಿ ಕೂತಿತ್ತು. ಎಂಟು ಕೊರಳಿಗೆ ಖಾತಾ ಬಿದ್ದ ದಿನವೂ ಹುಡುಗನಿಗೆ ಬ್ಯಾಂಕಿನಲ್ಲಿ ಒಂದು ಖಾತೆ ಇಲ್ಲ.

ಅರ್ಜಿ ಯಾಕೆ ಕೂತಿದೆ ಅಂದರೆ, ಮೊದಲ ಪುಟದಲ್ಲೇ ಫಾರ್ಮು ಕೇಳುತ್ತದೆ: ರಾಷ್ಟ್ರೀಯತೆ?

ಪ್ರಶ್ನೆ ಸುಲಭ, ಉತ್ತರಕ್ಕೆ ವಕೀಲರು ಬೇಕು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಫ್ಲೆಕ್ಸಿನಲ್ಲಿರುವ 'ನಿರಾಶ್ರಿತ' ನಮ್ಮ ಕಾಯ್ದೆಯ ಪುಸ್ತಕದಲ್ಲಿಲ್ಲ, ಅಲ್ಲಿ ಈತ ಬರೀ ವಿದೇಶಿ. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯ್ದೆ. ಟಿಬೆಟನ್ನರಿಗೂ ಇದು ಅನ್ವಯ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಅಂದರೆ ಗಡಿ ದಾಟಿ ಬಂದ ಅಜ್ಜ ವಿದೇಶಿ, 1975ರಲ್ಲಿ ಇಲ್ಲೇ ಹುಟ್ಟಿದ ಅಪ್ಪ ಕಾಯ್ದೆ ಪ್ರಕಾರ ಭಾರತೀಯ, ಅರ್ಜಿ ಹಿಡಿದು ನಿಂತ ಮೊಮ್ಮಗ ಫಾರ್ಮಿನಲ್ಲಿ 'ಇತರೆ'. ಒಂದೇ ಒಲೆಯ ಸುತ್ತ ಮೂರು ದೇಶ.

'ಇತರೆ' ಒತ್ತಿದರೆ ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಭಾರತಕ್ಕೆ ಬಂದ ದಿನಾಂಕ ಎಂಬ ಮೂರು ಕೆಂಪು ನಕ್ಷತ್ರಗಳು. ಬಂದ ದಿನಾಂಕಕ್ಕೆ ಹುಟ್ಟಿದ ದಿನಾಂಕ ಹಾಕಿದರೆ ಕಂಪ್ಯೂಟರು ಒಪ್ಪುವುದಿಲ್ಲ, ಅದೇ ದಿನ ವೀಸಾ ಎಲ್ಲಿತ್ತು ಎನ್ನುತ್ತದೆ. ಕೊನೆಗೆ ಯಾರೋ ಪುಣ್ಯಾತ್ಮರು, 'ಎನ್‌ಆರ್‌ಐ ಹಾಕಿಬಿಡಪ್ಪ, ಮುಂದೆ ಹೋಗುತ್ತೆ' ಎನ್ನುತ್ತಾರೆ. ಮುಂದೆ ಹೋಗುವುದು ನಿಜ, ಶುಲ್ಕದ ಪುಟಕ್ಕೇ ಹೋಗುತ್ತದೆ, ಅಲ್ಲಿರುವ ಮೊತ್ತ ನೋಡಿದರೆ ತಲೆ ತಿರುಗುತ್ತದೆ. ಎನ್‌ಆರ್‌ಐ ಎಂದರೆ ಅನಿವಾಸಿ ಭಾರತೀಯ. ಈ ಹುಡುಗ ನಿವಾಸಿ ಅಭಾರತೀಯ. ಎರಡೂ ಪದ ತಿರುಗಾಮುರುಗಾ ಆಗಿದ್ದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಚಲನ್ ಬಂತಲ್ಲ!

ಇದಾದ ಮೇಲೆ ಸರ್‌ನೇಮ್.

ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಸರ್‌ನೇಮ್ ಎಂಬುದೇ ಇಲ್ಲ. ಹೆಸರು ಲಾಮಾಗಳು ಕೊಡುವುದು. ದಲೈ ಲಾಮಾ ಅವರ ಹೆಸರಿನಲ್ಲೇ ತೆನ್‌ಜಿನ್ ಇರುವುದರಿಂದ, ಅವರು ಹೆಸರಿಟ್ಟ ಮಕ್ಕಳೆಲ್ಲ ತೆನ್‌ಜಿನ್. ಒಂದೇ ತರಗತಿಯಲ್ಲಿ ಹತ್ತು ತೆನ್‌ಜಿನ್ ಇದ್ದರೆ ಹಾಜರಿ ಕೂಗುವವರಿಗೆ ಸುಖ, ಒಬ್ಬ ಎದ್ದರೆ ಹತ್ತು ಹಾಜರಿ. ಅಪ್ಪ ದೋರ್ಜಿ, ಅಮ್ಮ ಡೋಲ್ಮಾ, ಮಗ ತೆನ್‌ಜಿನ್. 'ಒಂದಕ್ಕೊಂದು ಸಂಬಂಧವೇ ಇಲ್ವಲ್ರೀ' ಎಂದು ಕಿಟಕಿಯಾಚೆಯಿಂದ ಸಂಶಯ ಬರುತ್ತದೆ. ಹೀಗೆ ಕೇಳುವವರ ಮನೆಹೆಸರು ಆಧಾರ್‌ನಲ್ಲಿ ಹೆಸರಿನ ಹಿಂದೆ, ಪಾನ್ ಕಾರ್ಡಿನಲ್ಲಿ ಹೆಸರಿನ ಮುಂದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದೇ ಅಕ್ಷರವಾಗಿ ಇರುತ್ತದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಫಾರ್ಮು ಮುಂದೆ ಸರಿಯದು. ಆಗ ನಾಲ್ಕು ಕಡೆ ನಾಲ್ಕು ಉಪಾಯ. ಶಾಲೆಯಲ್ಲಿ ಒಂದು ಚುಕ್ಕೆ ಇಟ್ಟಿದ್ದಾರೆ. ಬ್ಯಾಂಕಿನಲ್ಲಿ ಇದ್ದ ಹೆಸರನ್ನೇ ಎರಡು ಸಲ ಬರೆದು ತೆನ್‌ಜಿನ್ ತೆನ್‌ಜಿನ್ ಮಾಡಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ 'ಎನ್ಎ'. ಪರೀಕ್ಷಾ ಅರ್ಜಿಯಲ್ಲಿ ಅಪ್ಪನ ಹೆಸರನ್ನೇ ಎತ್ತಿ ಸರ್‌ನೇಮ್ ಮಾಡಿದ್ದಾರೆ. ನಾಲ್ವರೂ ಒಳ್ಳೆಯ ಮನಸ್ಸಿನಿಂದಲೇ ಸಹಾಯ ಮಾಡಿದ್ದು, ಅನುಮಾನ ಬೇಡ. ಆದರೆ ಒಬ್ಬ ಹುಡುಗ ನಾಲ್ಕು ಜನ ಆಗಿದ್ದಾನೆ, ನಾಲ್ವರಲ್ಲಿ ಯಾರಿಗೂ ಸ್ಕಾಲರ್‌ಶಿಪ್ ಬರುವುದಿಲ್ಲ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ವೇದಿಕೆ ಹತ್ತಿಸುವಂಥ ಮದ್ದು ಅಲ್ಲ, ಅಷ್ಟೆ. ಹತ್ತನೇ ತರಗತಿಯ ಅಂಕಪಟ್ಟಿಯೇ ಬೇರು. ಅದರಲ್ಲಿ ಹೆಸರು ಹೇಗಿದೆಯೋ, ಅಕ್ಷರಕ್ಕೆ ಅಕ್ಷರ ಹಾಗೆಯೇ ಆಧಾರ್ ತಿದ್ದಿಸಬೇಕು. ಅಂಕಪಟ್ಟಿ ತಿದ್ದಿಸಲು ಹೊರಟರೆ ಡಿಗ್ರಿ ಮುಗಿದರೂ ಅದು ಮುಗಿಯದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಒಂದು ಅಕ್ಷರ ತಪ್ಪಿ ಒತ್ತಿದರೆ ಒಂದು ಅವಕಾಶ ಕಾವೇರಿ ಪಾಲು. ಆಧಾರ್ ಸರಿಯಾದ ಮೇಲೆ ಬ್ಯಾಂಕ್ ಖಾತೆ, ಖಾತೆಗೆ ಆಧಾರ್ ಜೋಡಣೆ, ಆಮೇಲೆ ಡಿಜಿಲಾಕರ್ ಮೂಲಕ ಓದಿನ ಕ್ರೆಡಿಟ್ಟುಗಳ ಲೆಕ್ಕ ಇಡುವ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕಿನ ಐಡಿ, ಎಲ್ಲ ಆದ ಮೇಲೆ ಸ್ಕಾಲರ್‌ಶಿಪ್ ಅರ್ಜಿ. ನಮ್ಮಲ್ಲಿ ಅರ್ಜಿಯ ಕೊನೇ ದಿನಾಂಕ ನೋಟಿಸ್ ಬೋರ್ಡಿಗೆ ಬಂದ ಮೇಲೇ ಎಲ್ಲರಿಗೂ ಎಚ್ಚರ, ಹಾಗಾಗಿ ಕೆಲಸ ಕೊನೆಯಿಂದ ಶುರುವಾಗಿ ಹಿಂದಕ್ಕೆ ಬರುತ್ತದೆ. ಏಪ್ರಿಲ್‌ನಲ್ಲೇ, ಹನ್ನೆರಡನೇ ತರಗತಿಯ ಫಲಿತಾಂಶಕ್ಕೂ ಮೊದಲು, ಒಬ್ಬ ಗುಮಾಸ್ತರು ಒಂದು ದಿನ ಬೈಲಕುಪ್ಪೆಯ ಶಾಲೆಗೆ ಹೋಗಿ ಕೂತು ಹೆಸರುಗಳನ್ನು ತಾಳೆ ನೋಡಿದರೆ ಮುಕ್ಕಾಲು ಪಾಲು ಗೋಳು ಅಲ್ಲೇ ತೀರುತ್ತದೆ. ಆದರೆ ಅದಕ್ಕೆ ಬಸ್ ಚಾರ್ಜ್ ಯಾವ ಶೀರ್ಷಿಕೆಯಲ್ಲಿ ಬರೆಯುವುದು? ಶಾಲು-ಹಾರಕ್ಕೆ ಶೀರ್ಷಿಕೆ ಇದೆ.

ಕಿಟಕಿಯ ಸಂಭಾಷಣೆಯೂ ಕೇಳುವಂಥದ್ದು. ಕುಶಾಲನಗರದ ಸಂತೆಯಲ್ಲಿ ಬೆಳೆದ ಹುಡುಗನ ಮುಖ ನೋಡಿದ ಕೂಡಲೇ ನಮ್ಮವರ ನಾಲಿಗೆ ಹಿಂದಿಗೆ ಹೊರಳುತ್ತದೆ.

"ತುಮಾರಾ ಪಾಸ್‌ಪೋರ್ಟ್ ಕಿಧರ್ ಹೈ?"

"ಪಾಸ್‌ಪೋರ್ಟ್ ಇಲ್ಲ ಸಾರ್, ಆರ್‌ಸಿ ಇದೆ."

"ಗಾಡಿ ಕಾ ಆರ್‌ಸಿ ನಹೀ ಚಾಹಿಯೇ!"

"ಗಾಡೀದಲ್ಲ ಸಾರ್, ನಂದು."

ಆರ್‌ಸಿ ಎಂದರೆ ವಿದೇಶಿಯರ ನೋಂದಣಿ ಪತ್ರ. ಹದಿನಾರು ತುಂಬಿದ ಮೇಲೆ ಮಾಡಿಸುವುದು, ಈಗ ಹೆಚ್ಚಿನವರಿಗೆ ಐದು ವರ್ಷಕ್ಕೊಮ್ಮೆ ನವೀಕರಣ. ಹದಿನಾರಕ್ಕೆ ಐದು ಕೂಡಿಸಿ ನೋಡಿ. ಸರಿಯಾಗಿ ಡಿಗ್ರಿಯ ಕೊನೇ ಸೆಮಿಸ್ಟರಿಗೆ ಅವಧಿ ಮುಗಿಯುತ್ತದೆ. ಹೊಸದು ಕೈಗೆ ಬರುವ ತನಕ ಇರುವುದು ಸ್ವೀಕೃತಿ ಚೀಟಿ, ಮತ್ತೆ ಆ ಚೀಟಿ ಯಾವ ದೇಶದ ದಾಖಲೆ ಎಂಬ ಹೊಸ ಪ್ರಶ್ನೆ. ಹಳದಿ ಪುಸ್ತಕ ಐಸಿ ಎಂಬ ಗುರುತಿನ ಪತ್ರ, ವಿದೇಶ ಪ್ರಯಾಣಕ್ಕೆ. ಹಸಿರು ಪುಸ್ತಕ ಧರ್ಮಶಾಲಾದಲ್ಲಿರುವ ಟಿಬೆಟನ್ ಆಡಳಿತದ್ದು, ಅವರ ಸ್ಕಾಲರ್‌ಶಿಪ್ ಬೇಕಿದ್ದರೆ ಅದರ ವಂತಿಗೆಯ ಕಂತು ಬಾಕಿ ಇರಬಾರದು. ಮೂರನ್ನೂ ಕಿಟಕಿಯಲ್ಲಿ ಇಟ್ಟರೆ, 'ಇದೆಲ್ಲ ಸರಿ, ರೇಷನ್ ಕಾರ್ಡ್ ಇಲ್ವಾ?'

ಕಾಗದಪತ್ರದ ವಿಷಯದಲ್ಲಿ ಕೊಡಗಿಗೆ ತಾಳ್ಮೆ ಇಲ್ಲ ಎಂದು ಹೇಳುವಂತಿಲ್ಲ. ಮುತ್ತಜ್ಜ ತೀರಿಕೊಂಡು ಎಷ್ಟೋ ಕಾಲವಾದರೂ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿ ಜಮೀನಿನ ಆರ್‌ಟಿಸಿಯಲ್ಲಿ ಪಟ್ಟೇದಾರರಾಗಿ ಕ್ಷೇಮವಾಗಿದ್ದಾರೆ, ನಾವು ಹೊಂದಿಕೊಂಡಿದ್ದೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯೇ ಬೇಡ, ಆ ವಿನಾಯಿತಿ 2029ರವರೆಗೆ ಇದೆ. ಮನೆಯಲ್ಲಿ ತೋಟೆಕೋವಿ ಇಡುವುದಕ್ಕಿಂತ ಹಾಸ್ಟೆಲಿನಲ್ಲಿ ತೆನ್‌ಜಿನ್ ಇಡುವುದು ಅಪಾಯ ಎಂದು ವಾರ್ಡನ್‌ಗೆ ಅನ್ನಿಸಿದರೆ ಅವರನ್ನು ಬೈಯಬೇಡಿ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಒಂದು ಫಾರ್ಮು ತುಂಬಬೇಕೆಂಬ ನಿಯಮ ಅವರ ಕಿವಿಗೆ ಬಿದ್ದಿದೆ, ತುಂಬುವುದು ಹೇಗೆಂಬುದು ಬಿದ್ದಿಲ್ಲ. ಆನ್‌ಲೈನಿನಲ್ಲಿ ಕೂತು ತುಂಬಿದರೆ ಮುಗಿಯುವ ಕೆಲಸ. 'ರೂಮ್ ಖಾಲಿ ಇಲ್ಲ' ಅನ್ನುವುದಕ್ಕೆ ಅಷ್ಟೂ ಹೊತ್ತು ಬೇಡ.

ರೂಮು ಸಿಗದಿದ್ದರೆ ಸೇತುವೆ ದಾಟಿ ಓಡಾಡಬೇಕು. ಕುಶಾಲನಗರದ ಕಾವೇರಿ ಸೇತುವೆಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆ. ಸೇತುವೆ ನಡೆದು ದಾಟಬಹುದು, ಕಡತಕ್ಕೆ ಕಾಲಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಪಿರಿಯಾಪಟ್ಟಣ, ಅಡ್ಮಿಷನ್ನಿಗೆ ಕೊಡಗು. ಇದೆಲ್ಲ ಬೀಳುವುದು ಜೂನ್-ಜುಲೈಯಲ್ಲಿ. ಮಳೆ ಜಾಸ್ತಿಯಾದರೆ ಈಚೆ ಡಿಸಿಯವರು ರಜೆ ಘೋಷಿಸುತ್ತಾರೆ, ಆಚೆ ರಜೆ ಇಲ್ಲ. ಮರ ಬಿದ್ದು ಕರೆಂಟ್ ಹೋದರೆ ಸರ್ವರ್ ಇದ್ದೂ ಇಲ್ಲ. ಮಳೆಗೆ ರಜೆ ಇದೆ, ಕೊನೇ ದಿನಾಂಕಕ್ಕಿಲ್ಲ.

ಇಷ್ಟಾಗಿ ಯಾವ ವಿಶ್ವವಿದ್ಯಾಲಯ ಸೇರುವುದು? ಹತ್ತಿರದಲ್ಲೇ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಇದೆ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನ ಕಾವೇರಿ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಮುಚ್ಚಬೇಕಾದ ಒಂಬತ್ತರ ಪಟ್ಟಿಯಲ್ಲಿ ಅದನ್ನೂ ಸೇರಿಸಿತು. ಎರಡು ವರ್ಷ ತುಂಬುವುದರೊಳಗೆ 'ನಿಮ್ಮದು ಎಲ್ಲಿ?' ಎಂದು ಕೇಳಿಸಿಕೊಂಡ ಸಂಸ್ಥೆ ಅದು. ಮೂರು ತಲೆಮಾರಿನಿಂದ ಇದೇ ಪ್ರಶ್ನೆ ಕೇಳಿಸಿಕೊಂಡವರ ಮೊಮ್ಮಕ್ಕಳು ಅಲ್ಲಿಗೆ ಹೋದರೆ, ಯಾರು ಯಾರಿಗೆ ಓರಿಯೆಂಟೇಷನ್ ಕೊಡಬೇಕು ಎಂಬುದು ಇತ್ಯರ್ಥವಾಗಬೇಕಾದ ವಿಷಯ.

ಓರಿಯೆಂಟೇಷನ್ ಅಂದಮೇಲೆ ನೆನಪಾಯಿತು. ಅಲ್ಲಿ ಸಂಸ್ಥೆಯ ಇತಿಹಾಸ ಹೇಳುತ್ತಾರೆ, ಮಹನೀಯರ ಸಾಲು ಹೇಳುತ್ತಾರೆ. ಶೇ. 75 ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದಾಗಲಿ, ಆರ್‌ಸಿ ನವೀಕರಣಕ್ಕೆ ಅಲೆದ ದಿನಗಳ ಪುರಾವೆ ಎತ್ತಿಟ್ಟುಕೊಳ್ಳಿ ಎಂದಾಗಲಿ ಹೇಳುವುದಿಲ್ಲ. ಟಿಬೆಟನ್ನರ ಹೊಸವರ್ಷ ಲೋಸಾರ್ ಹಬ್ಬ ಫೆಬ್ರುವರಿ-ಮಾರ್ಚಿನಲ್ಲಿ ಬರುತ್ತದೆ, ಆ ವಾರ ಇಂಟರ್ನಲ್ಸ್ ಇಟ್ಟರೆ ಮೊದಲೇ ಮನವಿ ಬರೆದು ಕೊಡಿ ಎಂದೂ ಹೇಳುವುದಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಿಗೆ ಬ್ಯಾಕ್‌ಲಾಗ್ ಎಂದರೆ ಏನೆಂದು ತಿಳಿಯುವುದು ಬ್ಯಾಕ್‌ಲಾಗ್ ಆದ ಮೇಲೆ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜಿನ ಸ್ವಾಗತ ಸಮಿತಿ ಆತ್ಮಾವಲೋಕನ ಮಾಡಿಕೊಳ್ಳುತ್ತದೆ. ನಿರಾಶ್ರಿತ ವಿದ್ಯಾರ್ಥಿಗಳಿಗೆ ನಮ್ಮ ಬೆಂಬಲ ಹೇಗಿತ್ತು ಎಂದು ಒಂದು ಗೂಗಲ್ ಫಾರ್ಮ್ ಕಳಿಸುತ್ತದೆ. ಕಾಲೇಜಿನ ಇಮೇಲ್ ಇದ್ದವರಿಗೆ ಮಾತ್ರ ಅದು ತೆರೆಯುತ್ತದೆ, ಇಮೇಲ್ ಸಿಗುವುದು ಅಡ್ಮಿಷನ್ ಅಂತಿಮವಾದವರಿಗೆ. ಹೇಗೋ ಮಾಡಿ ಒಬ್ಬ ತೆರೆದಿದ್ದಾನೆ. ಮೊದಲ ಕಾಲಂ: ಸರ್‌ನೇಮ್. ಪಕ್ಕದಲ್ಲಿ ಕೆಂಪು ನಕ್ಷತ್ರ.